ಎರಡು ಹೊತ್ತಿನ ಬೆಳಕು

“ಹಲೋ… ಹಲೋ, ಯಾರ್ರೀ ಮಾತಾಡ್ತಿರೋದು?… ಹಾಂ? ಯಾರು?… ಸ್ವಲ್ಪ ಜೋರಾಗಿ ಹೇಳಿ, ನಾನು ಏಣಿ ಮೇಲಿದೀನಿ…”

ಏಣಿಯ ಮೇಲಿದ್ದದ್ದು ಸುಳ್ಳಲ್ಲ. ಬಾಗಿಲ ಬಳಿಯ ಮೇಜಿನ ಮೇಲೆ ಫೋನು ಮೂರು ಸಲ ಬಡಿದುಕೊಂಡು ಸುಮ್ಮನಾಗಿ, ನಾಲ್ಕನೆಯ ಸಲವೂ ಶುರುವಾದಾಗ ಲೈಟಿನವನು ಗೊಣಗುತ್ತ ಇಳಿದು, ತಂತಿಯಿಲ್ಲದ ಆ ಫೋನನ್ನು ಎತ್ತಿ, ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಮತ್ತೆ ಹತ್ತಿದ್ದ. ಗ್ಯಾಲರಿಯಲ್ಲಿ ಅವನನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಆರು ಗಂಟೆಗೆ ಚಿತ್ರಪ್ರದರ್ಶನದ ಉದ್ಘಾಟನೆ, ಈಗ ಮೂರು. ಗ್ಯಾಲರಿಯ ಒಡತಿ ‘ಐದರೊಳಗೆ ಎಲ್ಲ ದೀಪ ಸರಿಯಾಗಿರಬೇಕು’ ಎಂದು ಅಪ್ಪಣೆ ಕೊಟ್ಟು, ತಲೆಗೂದಲು ಸರಿಮಾಡಿಸಿಕೊಳ್ಳಲು ಹೋಗಿದ್ದರು.

“ಮೇಡಂ ಇಲ್ಲ… ಇಲ್ಲಮ್ಮ, ಬರೋದು ಐದಕ್ಕೆ… ನಾನಾ? ನಾನು ಲೈಟಿನವನು… ಅಲ್ಲಲ್ಲ, ಕಲಾವಿದ ಅಲ್ಲ! ಕಲಾವಿದ ಆಗಿದ್ರೆ ಏಣಿ ಹಿಡ್ಕೊಳ್ಳೋಕೆ ಇಬ್ರು ಇರ್ತಿದ್ರು…”

“ಯಾವ ಚಿತ್ರ? ಇಲ್ಲಿ ಇಪ್ಪತ್ತೆರಡು ಇವೆ… ಗಂಡ ಹೆಂಡ್ತಿದಾ? ದೊಡ್ಡದು? ಹಸಿರು ಸೋಫಾ?… ಓಹೋ, ಅದಾ! ಅದಕ್ಕೇ ಈಗ ಲೈಟ್ ಹಾಕ್ತಿರೋದು. ಇಬ್ರೂ ನನ್ನ ಮೂಗಿನ ಮುಂದೇ ಕೂತಿದಾರೆ. ತಾವು ಯಾರು?… ದೂರದ ನೆಂಟರು. ಯಾರ ಕಡೆ?… ಹೆಂಡ್ತಿ ಕಡೆ. ಸರಿ, ಸರಿ…”

“ಹೇಗೆ ಬಂದಿದೆ ಅಂದ್ರೆ… ಏನಂತ ಹೇಳ್ಲಿ? ಎಣ್ಣೆಬಣ್ಣ. ಫೋಟೋ ಥರಾನೇ ಇದೆ. ಸೋಫಾದಲ್ಲಿ ಒಂದು ಕಡೆ ಹೊಲಿಗೆ ಬಿಟ್ಟಿದ್ಯಲ್ಲ, ಅದನ್ನೂ ಬಿಟ್ಟಿಲ್ಲ ಪುಣ್ಯಾತ್ಮ…”

ಪುಣ್ಯಾತ್ಮ ಎಂದದ್ದು ಚಿತ್ರ ಬರೆದವನಿಗೆ. ಕಣ್ಣಿಗೆ ಕಂಡದ್ದರ ಮೇಲೆ ಒಂದು ಕೂದಲೆಳೆಯನ್ನೂ ಹೆಚ್ಚಿಗೆ ಹಾಕುವುದಿಲ್ಲ, ಕಂಡದ್ದರಲ್ಲಿ ಒಂದು ಮಚ್ಚೆಯನ್ನೂ ಬಿಡುವುದಿಲ್ಲ ಎಂಬ ಹಟದ ಮನುಷ್ಯ ಅವನು. ಆಳೆತ್ತರದ ಕ್ಯಾನ್ವಾಸಿನಲ್ಲಿ ಎಡಕ್ಕೆ ಬೂದು ಶಾಲು ಹೊದ್ದ ಹೆಂಗಸು, ಬಲಕ್ಕೆ ಕತ್ತಿನ ಗುಂಡಿಯವರೆಗೂ ಬಿಗಿದ ಬಿಳಿ ಅಂಗಿಯ ಗಂಡಸು. ಇಬ್ಬರಿಗೂ ಅರವತ್ತು ದಾಟಿದೆ. ನಡುವೆ ಇನ್ನೊಬ್ಬರು ಆರಾಮವಾಗಿ ಕೂರುವಷ್ಟು ಸೋಫಾ ಖಾಲಿ.

“ಹೆಂಗಸಾ? ಮುಖ ಲಕ್ಷಣವಾಗೇ ಇದೆ. ಆದ್ರೆ ಯಾರ ಹತ್ರಾನೋ ಜಗಳ ಅರ್ಧಕ್ಕೆ ಬಿಟ್ಟು ಬಂದು ಕೂತಿರೋ ಹಾಗಿದಾರೆ… ಗಂಡಸಿಂದಂತೂ ಕೇಳಲೇಬೇಡಿ. ಹರಳೆಣ್ಣೆ ಕುಡಿದ ಮುಖ… ನಗ್ತಿದೀರಾ? ನಗಬೇಡಿ, ಇಲ್ಲಿ ಬಂದು ನೋಡಿ ಬೇಕಾದ್ರೆ…”

“ಹೆಂಗಸಿನ ಕೂದಲು? ಬೆಳ್ಳಗಿದೆ… ಪೂರ್ತಿ ಬೆಳ್ಳಗೆ… ಗಲ್ಲದ ಕೆಳಗಾ? ಹೂಂ, ಮಡಿಕೆ ಇದೆ. ಎರಡು… ಎರಡೇ ಅಮ್ಮ, ಎಣಿಸಿ ಹೇಳ್ತಿದೀನಿ… ಅಯ್ಯೋ, ನೀವ್ಯಾಕೆ ಕೋಪ ಮಾಡ್ಕೋತೀರಿ? ನಾನೇನು ಬರೆದ್ನಾ?… ಒಂದೇ ಇರೋದಾ? ನೀವು ದೂರದ ನೆಂಟರು, ನಿಮಗೆ ಅಷ್ಟು ಖಡಾಖಂಡಿತವಾಗಿ ಹೇಗ್ರೀ ಗೊತ್ತು, ಒಂದೇ ಅಂತ?…”

“ಅಮ್ಮಾ… ನೀವೇನಾ?… ಎಡಗಡೆಯೋರು ನೀವೇನಾ?…”

ಏಣಿ ಅಲ್ಲಾಡಿತು. ಹೆಂಗಸರ ವಯಸ್ಸು, ತೂಕ, ಗಲ್ಲದ ಮಡಿಕೆ ಈ ಮೂರನ್ನೂ ಬಾಯಿಂದ ಆಚೆ ಬಿಡಬಾರದು ಎಂದು ಮನೆಯಲ್ಲಿ ಹೆಂಡತಿ ಅವನಿಗೆ ಎಷ್ಟೋ ಸಲ ಬುದ್ಧಿ ಹೇಳಿದ್ದಳು. ಚಿತ್ರದಲ್ಲಿರುವವರು ಫೋನು ಮಾಡುತ್ತಾರೆಂದು ಅವಳಾದರೂ ಹೇಗೆ ಊಹಿಸಿಯಾಳು?

“ತಪ್ಪಾಯ್ತಮ್ಮ. ದೊಡ್ಡ ತಪ್ಪು… ಒಂದೇ ಇದೆ. ಈಗ ಸರಿಯಾಗಿ ನೋಡಿದೆ. ಒಂದು ಮಡಿಕೆ, ಇನ್ನೊಂದು ಬರೀ ನೆರಳು… ಸುಳ್ಳಲ್ಲಮ್ಮ, ನೆರಳಿನ ವಿಷಯದಲ್ಲಿ ನಾನು ಸುಳ್ಳು ಹೇಳಲ್ಲ, ಅದು ನನ್ನ ಕೆಲ್ಸ… ಜಗಳದ ಮುಖ ಅಂದಿದ್ದಾ? ಅದೂ ವಾಪಸ್ ತಗೊಂಡೆ…”

“ಪಕ್ಕದಲ್ಲಿ ಏನಾದ್ರೂ ಬರೆದು ಹಾಕಿದಾರಾ ಅಂತಾನಾ? ಹೂಂ, ಕಾರ್ಡ್ ಅಂಟಿಸಿದಾರೆ. ಮೇಡಂದೇ ಬರವಣಿಗೆ… ಓದ್ಲಾ? ಇರಿ, ಇಳೀತೀನಿ. ಒಂದ್ನಿಮಿಷ… ಹಾಂ. ಕೇಳಿ. ‘ನಾಲ್ಕು ದಶಕಗಳ ದಾಂಪತ್ಯವು ಮಾತಿನ ಹಂಗು ತೊರೆದು ಮೌನದಲ್ಲಿ ಮಾಗಿದೆ’… ಮಾಗಿದೆ ಅಂತೆ. ಬಾಳೆಹಣ್ಣಾ?… ಇರಿ, ಇನ್ನೂ ಇದೆ. ‘ಬದುಕಿನ ಕಹಿಯನ್ನು ನುಂಗಿ ನಿರ್ಲಿಪ್ತನಾದ ಪತಿ, ತುಂಬು ಭರವಸೆಯ ಪತ್ನಿ. ಎಡದಿಂದ ಒಂದು, ಬಲದಿಂದ ಒಂದು ಬೆಳಕು ಸುರಿದು, ಇವರು ಒಂದೇ ಮನೆಯ ಎರಡು ದೀಪಗಳಾಗಿದ್ದಾರೆ’… ಅಷ್ಟೇ. ಕೆಳಗೆ ಅಳತೆ ಬರ್ದಿದಾರೆ, ಚಿತ್ರದ್ದು…”

“ಚೆನ್ನಾಗಿದ್ಯಾ ಅಂತ ನನ್ನ ಕೇಳ್ತೀರಾ? ಭಾಷೆ ಚೆನ್ನಾಗಿದೆ… ನಿಜಾನಾ ಅಂತಾನಾ? ಅದೆಲ್ಲ ನನಗ್ಯಾಕಮ್ಮ, ಬೇಡ… ಹೇಳಬೇಕಾ? ಬೈಯಲ್ಲ ಅಂದ್ರೆ ಹೇಳ್ತೀನಿ… ನೋಡಿ, ಎರಡು ದೀಪ ಅಂತ ಬರ್ದಿದಾರಲ್ಲ, ಅದು ಎರಡು ದೀಪ ಅಲ್ಲಮ್ಮ. ಎರಡು ಹೊತ್ತು.”

ಈ ಮಾತು ಅವನ ಬಾಯಿಂದ ಸುಲಭವಾಗಿ ಬಂತು. ಬೆಳಗ್ಗೆಯಿಂದ ಆ ಚಿತ್ರ ಅವನಿಗೆ ಕಾಟ ಕೊಟ್ಟಿತ್ತು. ಎಡದಿಂದ ದೀಪ ಹಾಕಿದರೆ ಗಂಡಸು ಹೊಂದುತ್ತಿರಲಿಲ್ಲ, ಬಲದಿಂದ ಹಾಕಿದರೆ ಹೆಂಗಸು ಮುನಿಸಿಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷ ಬಟ್ಟೆ ಅಂಗಡಿ, ಆಸ್ಪತ್ರೆ, ನಾಟಕದ ರಂಗ ಎಂದು ಎಲ್ಲೆಲ್ಲೋ ದೀಪ ಹಾಕಿದವನಿಗೆ ಹೀಗೆ ಸತಾಯಿಸಿದ ಜೋಡಿ ಇನ್ನೊಂದಿರಲಿಲ್ಲ.

“ಹೇಗೆ ಅಂದ್ರೆ, ನಿಮ್ಮ ಮೂಗಿನ ನೆರಳು ಬಲಕ್ಕೆ ಬಿದ್ದಿದೆ. ಯಜಮಾನ್ರ ಮೂಗಿನ ನೆರಳು ಎಡಕ್ಕೆ. ಒಂದೇ ಸೋಫಾ ಮೇಲೆ ಒಂದೇ ಹೊತ್ತಲ್ಲಿ ಕೂತ್ರೆ ಎರಡು ಮೂಗೂ ಒಂದೇ ಕಡೆ ನೆರಳು ಬೀಳಿಸಬೇಕಲ್ವಾ?… ಎರಡು ಕಡೆ ಕಿಟಕಿ ಇತ್ತಾ? ಇರ್ಲಿ, ಎರಡರಿಂದಲೂ ಒಟ್ಟಿಗೆ ಬೆಳಕು ಬಂದಿದ್ರೆ ನಿಮ್ಮ ಎರಡೂ ಕೆನ್ನೆ ಬೆಳಗ್ತಿತ್ತು. ನಿಮ್ಮ ಒಂದೇ ಕೆನ್ನೆ ಬೆಳಗಿದೆ. ಅದೂ ಎಳೇ ಬಿಸಿಲು, ಎಂಟು ಗಂಟೆದು. ಅವರ ಮೇಲಿರೋದು ಕೆಂಪು, ನಾಲ್ಕು ಗಂಟೆದು. ಅಂದ್ರೆ… ತಪ್ಪು ತಿಳ್ಕೋಬೇಡಿ… ನೀವಿಬ್ರೂ ಜೊತೇಲಿ ಕೂತೇ ಇಲ್ಲ.”

“ಹಲೋ?… ಇದೀರಾ ಅಮ್ಮ?…”

ಆ ಕಡೆ ಬಾಗಿಲು ಮೆಲ್ಲಗೆ ಹಾಕಿದ ಸದ್ದು ಕೇಳಿಸಿತು. ಆಮೇಲೆ ಬಂದ ದನಿ ಮೊದಲಿಗಿಂತ ಸಣ್ಣಗಿತ್ತು. ಲೈಟಿನವನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತುಕೊಂಡ.

“ಹೂಂ… ಹೂಂ… ಏನು? ಒಂದೂವರೆ ವರ್ಷದಿಂದಾನಾ?… ನೀವು ತಂಗಿ ಮನೇಲಿ. ಅವರು ನಿಮ್ಮ ಮನೇಲಿ… ಎಷ್ಟು ದೂರ? ಎರಡು ಬೀದೀನಾ! ಕೆಮ್ಮಿದ್ರೆ ಕೇಳಿಸುತ್ತಲ್ಲಮ್ಮ…”

“ಮಗಳಿಗೆ ಗೊತ್ತಿಲ್ವಾ? ಅದು ಹೇಗೆ? ಫೋನ್ ಮಾಡಲ್ವಾ ಅವಳು?… ಮಾಡ್ತಾಳೆ. ಆಗ?… ‘ಅಪ್ಪ ಸ್ನಾನಕ್ಕೆ ಹೋಗಿದಾರೆ’. ಒಂದೂವರೆ ವರ್ಷದಿಂದಾನೂ ಸ್ನಾನಾನೇ ಮಾಡ್ತಿದಾರಾ ಮನುಷ್ಯ? ಚರ್ಮ ಏನಾದ್ರೂ ಉಳಿದಿದ್ಯಾ?… ಅವರು ಏನ್ ಹೇಳ್ತಾರೆ?… ‘ಅಮ್ಮ ಮಲಗಿದಾಳೆ’. ಸರಿ ಹೋಯ್ತು. ಒಬ್ರು ಸ್ನಾನ, ಒಬ್ರು ನಿದ್ದೆ…”

“ಅವಳು ಊರಿಗೆ ಬಂದಾಗ?… ಹಿಂದಿನ ದಿನ ನೀವು ಬ್ಯಾಗ್ ಹಿಡ್ಕೊಂಡು ವಾಪಸ್. ಅವಳು ಬಸ್ ಹತ್ತಿದ ಮೇಲೆ ಮತ್ತೆ ತಂಗಿ ಮನೆ… ಆ ಎರಡು ದಿನ ಇಬ್ರೂ ಮಾತಾಡಿದ ಹಾಗೆ ನಾಟಕ. ಅಲ್ಲಮ್ಮಾ, ಅದರ ಬದಲು ಮಾತಾಡೋದೇ ಸುಲಭ ಅಲ್ವಾ?… ಸರಿ, ಸರಿ, ನನಗ್ಯಾಕೆ…”

“ಮಗಳೇ ಬರೆಸಿದ್ದಾ ಇದನ್ನ? ನಿಮ್ಮ ಮದುವೆಯಾಗಿ ನಲವತ್ತು ವರ್ಷ ಅಂತ… ಕಲಾವಿದರು ಬನ್ನಿ ಅಂದಾಗ ನೀವು ಬೆಳಿಗ್ಗೆ ಹೋದ್ರಿ, ಅವರು ಸಾಯಂಕಾಲ ಹೋದ್ರು. ಆ ಮಹಾನುಭಾವರು ಏನೂ ಕೇಳಲಿಲ್ವಾ?… ‘ಕೂತಾಗ ಬಿದ್ದ ಬೆಳಕನ್ನೇ ಬರೀತೀನಿ, ಬದಲಾಯಿಸಲ್ಲ’ ಅಂದ್ರಾ? ಇಂಥೋರ ಮನೆ ಹೊಸಿಲು ತುಳೀಬಾರದು ನೋಡಿ…”

“ಯಾಕಷ್ಟು ಹೆದರಿಕೆ? ಮಗಳು ಏನ್ ಕೆಲ್ಸ ಮಾಡ್ತಾಳೆ?… ಫೋಟೋ ತೆಗೀತಾಳಾ? ಸ್ಟುಡಿಯೊ ಇಟ್ಟಿದಾಳಾ?… ಮುಗೀತು ಕಥೆ. ಬಾಗಿಲಲ್ಲಿ ನಿಂತೇ ಹಿಡೀತಾಳೆ. ನನಗಾದ್ರೂ ಅರ್ಧ ದಿನ ಬೇಕಾಯ್ತು. ಅವಳಿಗೆ ಚಪ್ಪಲಿ ಬಿಡೋಷ್ಟು ಹೊತ್ತೂ ಬೇಡ…”

ಹೇಳಬಾರದಿತ್ತು ಎಂದು ಹೇಳಿದ ಮೇಲೆ ಅನ್ನಿಸಿತು. ಆ ಕಡೆಯಿಂದ ಬಂದ ಮಾತು ಕೇಳುತ್ತ ಅವನ ಮುಖದ ಹುಡುಗಾಟಿಕೆ ಇಳಿಯಿತು.

“ಮುಂದಿನ ತಿಂಗಳು ಮದುವೇನಾ? ಅವಳದಾ?… ಮೂವತ್ತಾರನೇ ವಯಸ್ಸಿಗೆ ಒಪ್ಪಿದಾಳೆ… ಹುಡುಗಾನೂ ಬರ್ತಾನಾ ಸಂಜೆಗೆ?… ಏನಂದ್ಲಂತೆ? ಇನ್ನೊಂದ್ಸಲ ಹೇಳಿ… ‘ನಿಮ್ಮಿಬ್ರನ್ನ ನೋಡೇ ಧೈರ್ಯ ಮಾಡಿದ್ದು’ ಅಂತಾನಾ…”

“ಛೆ… ಅಳಬೇಡಿ ಅಮ್ಮ. ನೀವು ಅತ್ರೆ ನನಗೆ ಸ್ಕ್ರೂ ಕಾಣಲ್ಲ… ಗೊತ್ತು, ಗೊತ್ತು. ಇವತ್ತು ಈ ಮೂಗಿನ ನೆರಳು ನೋಡಿ ಅವಳು ಮದುವೇನೇ ಬೇಡ ಅಂದ್ಬಿಟ್ರೆ, ಅದೇ ಅಲ್ವಾ ನಿಮ್ಮ ಭಯ?… ನನ್ನಿಂದ ಏನಾಗ್ಬೇಕು, ಅದನ್ನ ಹೇಳಿ…”

“ಮುಚ್ಚಬಹುದು. ಯಾಕಾಗಲ್ಲ? ಬೆಳಕು ಹಾಕೋನಿಗೆ ಮುಚ್ಚೋದು ಬರಲ್ವಾ?… ನೋಡಿ, ಎಣ್ಣೆಬಣ್ಣದ ಮೇಲೆ ವಾರ್ನಿಷ್ ಹೊಡೆದಿರ್ತಾರೆ. ಒಂದು ದೀಪಾನ ಸೊಟ್ಟ ತಿರುಗಿಸಿದ್ರೆ ಚಿತ್ರ ಫಳಫಳ ಅನ್ನುತ್ತೆ, ಏನೂ ಕಾಣಲ್ಲ. ಯಜಮಾನ್ರ ಮೂಗಿನ ಮೇಲೆ ಅಂಥ ಒಂದು ಹೊಳಪು ಕೂರಿಸಿದ್ರೆ ಆಯ್ತು. ನಿಮ್ಮದಕ್ಕೆ ಮೇಲಿಂದ ಇನ್ನೊಂದು… ಮೇಡಂ ನನ್ನ ಚರ್ಮ ಸುಲೀತಾರೆ, ಅದು ಬೇರೆ ಮಾತು. ಇರಿ, ಫೋನ್ ಇಡಬೇಡಿ…”

ಲೈಟಿನವನು ತನ್ನ ಚೀಲದಿಂದ ಕ್ಲಿಪ್ಪಿನ ದೀಪವೊಂದನ್ನು ತೆಗೆದು ಚೌಕಟ್ಟಿನ ಮೇಲಂಚಿಗೆ ಕಚ್ಚಿಸಿದ. ಅದರ ವೈರನ್ನು ನೆಲದ ಮೇಲೆ ಎಳೆದು ತಂದು, ಮೇಜಿನ ಕೆಳಗಿನ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಫೋನಿನ ಪೀಠದ ಪ್ಲಗ್ಗಿನ ಪಕ್ಕದಲ್ಲೇ ಚುಚ್ಚಿದ. ಗೋಡೆಯ ಹಳಿಗೆ ಸಿಕ್ಕಿಸಿದ್ದ ಎರಡು ದೀಪಗಳ ಕತ್ತನ್ನೂ ತಿರುಚಿದ. ಚಿತ್ರದ ನಡುಮಧ್ಯೆ ಹೊಸ ಪಾತ್ರೆಯ ತಳದಂಥ ಹೊಳಪು ಬಂದು ಕೂತಿತು. ಗಂಡಸಿನ ಮುಖದಲ್ಲಿ ಕನ್ನಡಕದ ಒಂದು ಗಾಜು, ಒಂದು ಕಿವಿ ಮಾತ್ರ ಉಳಿದವು.

“ಆಯ್ತಮ್ಮ. ಯಜಮಾನ್ರು ಅರ್ಧ ಮಾಯ… ನೀವು ಪರವಾಗಿಲ್ಲ, ಮುಕ್ಕಾಲು ಇದೀರಿ… ಒಳ್ಳೆ ಕೆಲ್ಸ ಅಂತ ಹೇಳಲ್ಲ, ಆದ್ರೆ ಮಗಳಿಗೆ ಮೂಗು ಸಿಗಲ್ಲ. ಲೈಟಿನವನನ್ನ ಬೈಕೊಂಡು ಹೋಗ್ತಾಳೆ, ಬೈಕೊಳ್ಳಲಿ ಬಿಡಿ…”

“ಒಂದು ಮಾತು ಕೇಳ್ಲಾ? ಜಗಳ ಯಾವುದಕ್ಕೆ?… ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬೇಡ… ಚೀಟೀನಾ? ಯಾವ ಚೀಟಿ?… ಕಾರ್ಖಾನೇಲಿ ಸ್ಟೋರ್‌ಕೀಪರ್ ಆಗಿದ್ರು. ಹೂಂ. ರಿಟೈರ್ ಆದ್ರು… ಅಡುಗೆಮನೇನೇ ಸ್ಟೋರ್ ಮಾಡ್ಕೊಂಡ್ರಾ! ಡಬ್ಬಕ್ಕೆಲ್ಲ ಚೀಟಿ ಅಂಟಿಸಿದ್ರಾ… ‘ಸಕ್ಕರೆ, ಕನಿಷ್ಠ ಅರ್ಧ ಡಬ್ಬ ಇರತಕ್ಕದ್ದು’… ಇರತಕ್ಕದ್ದು! ಆಮೇಲೆ?… ಉಪ್ಪಿನ ಡಬ್ಬದ ಮೇಲೆ ಏನಂತ?… ‘ಮಿತವಾಗಿ ಬಳಸತಕ್ಕದ್ದು’. ಅಯ್ಯಪ್ಪಾ…”

“ಮೂವತ್ತೆಂಟು ವರ್ಷ ನೀವು ಹಾಕಿದ ಉಪ್ಪು ತಿಂದೋರು. ಹೂಂ… ಅವತ್ತೇ ಬ್ಯಾಗ್ ಹಿಡ್ಕೊಂಡ್ರಿ. ಸರಿಯಾಗೇ ಮಾಡಿದ್ರಿ ಬಿಡಿ. ನನ್ನ ಹೆಂಡ್ತಿ ಆಗಿದ್ರೆ ಡಬ್ಬಾನ ನನ್ನ ತಲೆ ಮೇಲೆ ಕವುಚಿ ಹೋಗ್ತಿದ್ಲು… ನೀವು ಏನ್ ಕೆಲ್ಸದಲ್ಲಿದ್ರಿ?… ನರ್ಸಾ? ಅದಕ್ಕೇ ಗದರೋದು ಅಷ್ಟು ಚೊಕ್ಕವಾಗಿದೆ…”

ಅಷ್ಟರಲ್ಲಿ ಅರ್ಧ ಎಳೆದಿದ್ದ ಷಟರ್ ಕೆಳಗಿನಿಂದ ಮೊದಲು ಒಂದು ಜೊತೆ ಕಪ್ಪು ಬೂಟು, ಆಮೇಲೆ ಬಾಗಿದ ಒಂದು ಬೆನ್ನು ಒಳಬಂತು. ಬೆನ್ನು ನೆಟ್ಟಗಾದಾಗ ಲೈಟಿನವನು ಒಮ್ಮೆ ಚಿತ್ರದ ಕಡೆಗೆ, ಒಮ್ಮೆ ಬಂದವರ ಕಡೆಗೆ ನೋಡಿದ. ಅದೇ ಕನ್ನಡಕ, ಕತ್ತಿನ ಗುಂಡಿಯವರೆಗೂ ಬಿಗಿದ ಅದೇ ಬಿಳಿ ಅಂಗಿ. ಅಂಗಿಯ ಒಳಗಿನ ಮನುಷ್ಯ ಮಾತ್ರ ಚಿತ್ರದಲ್ಲಿದ್ದುದಕ್ಕಿಂತ ಒಂದು ಸುತ್ತು ಇಳಿದಿದ್ದರು.

“ಅಮ್ಮಾ… ಬಂದ್ರು… ಯಾರು ಅಂದ್ರೆ? ಬಲಗಡೆಯೋರು!… ಹೂಂ, ಅವರೇ… ಹೇಳಲ್ಲ, ಹೇಳಲ್ಲ, ನೀವು ಲೈನಲ್ಲೇ ಇರಿ… ಬನ್ನಿ ಸಾರ್, ಮೇಡಂ ಇಲ್ಲ. ನಾನು… ನಮ್ಮ ಮನೆಯೋಳ ಹತ್ರ ಮಾತಾಡ್ತಿದ್ದೆ… ಥೂ, ಅಲ್ಲಮ್ಮ, ಸುಮ್ನೆ ಹೇಳಿದ್ದು, ನೀವು ಕೋಪ ಮಾಡ್ಕೋಬೇಡಿ…”

ಯಜಮಾನರು ಗಂಟಲು ಸರಿಮಾಡಿಕೊಂಡು, ಯಾರಿಗೂ ಕೇಳಬಾರದೆಂಬಂತೆ ತಗ್ಗಿದ ದನಿಯಲ್ಲಿ, ಈ ಚಿತ್ರದ ಮೇಲಿನ ದೀಪವನ್ನು ಒಂದಿಷ್ಟು ಹಿಂದೆಮುಂದೆ ಮಾಡಲಾದೀತೇ ಎಂದು ವಿಚಾರಿಸಿದರು. ಸಂಜೆ ಮಗಳು ಬರುವವಳಿದ್ದಾಳೆ, ಬಹಳ ಸೂಕ್ಷ್ಮ ಕಣ್ಣು ಎಂದರು. ಲೈಟಿನವನು ಫೋನಿಗೆ ಅಂಗೈ ಅಡ್ಡ ಹಿಡಿದು ಗೋಡೆಯ ಕಡೆಗೆ ತಿರುಗಿದ.

“ಅಮ್ಮಾ, ಇವರೂ ಅದನ್ನೇ ಕೇಳ್ತಿದಾರೆ… ಅದೇ ಕಣ್ರೀ, ಕಾಣದ ಹಾಗೆ ಮಾಡು ಅಂತ. ಒಂದೂವರೆ ವರ್ಷದ ಮೇಲೆ ಇಬ್ರಿಗೂ ಒಂದೇ ಯೋಚನೆ ಬಂದಿದೆ, ಅದೂ ಸುಳ್ಳು ಹೇಳೋಕೆ…”

“ಈಗಾ? ಈಗ ಚಿತ್ರದ ಮುಂದೆ ನಿಂತಿದಾರೆ… ಸುಮ್ನೆ ನಿಂತಿದಾರಮ್ಮ. ಹೊಳಪು ಕಣ್ಣಿಗೆ ಹೊಡೀತಿದೆ ಅಂತ ಪಕ್ಕಕ್ಕೆ ಸರಿದ್ರು… ಈಗ ನಿಮ್ಮ ಕಡೆ ನಿಂತಿದಾರೆ. ಕೈ ಎತ್ತಿದ್ರು… ಅಯ್ಯೋ ಸಾರ್, ಮುಟ್ಟಬೇಡಿ!… ಮುಟ್ತಿಲ್ಲಮ್ಮ. ಅಂಗೈ ಅಡ್ಡ ಹಿಡಿದು ತಮ್ಮ ಭಾಗಾನ ಮುಚ್ಕೊಂಡಿದಾರೆ. ಬರೀ ನಿಮ್ಮನ್ನ ನೋಡ್ತಿದಾರೆ…”

“ಏನೋ ಅಂದ್ರು. ನನ್ನ ಹತ್ರ ಅಲ್ಲ. ನಿಮ್ಮ ಹತ್ರ, ಅಂದ್ರೆ ಚಿತ್ರದ ಹತ್ರ… ಏನಂದ್ರು ಅಂದ್ರೆ… ‘ಬೆಳಗಿನ ಬಿಸಿಲಲ್ಲಿ ಇವಳು ಹೀಗೆ ಕಾಣ್ತಾಳೆ ಅನ್ನೋದೇ ಮರೆತುಹೋಗಿತ್ತು’ ಅಂದ್ರು.”

“ಅಮ್ಮಾ?… ಹಲೋ?… ಅಷ್ಟೇ ಅಂದಿದ್ದು. ಮತ್ತೇನೂ ಇಲ್ಲ…”

ಲೈಟಿನವನಿಗೂ ಹೆಂಡತಿಯನ್ನು ಬೆಳಗಿನ ಹೊತ್ತು ನೋಡಿ ಬಹಳ ದಿನಗಳಾಗಿದ್ದವು. ಅವನು ಏಳುವಷ್ಟರಲ್ಲಿ ಅವಳು ಕೆಲಸಕ್ಕೆ ಹೊರಟಿರುತ್ತಿದ್ದಳು. ಈ ಯೋಚನೆ ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಪುಣ್ಯಕ್ಕೆ ಫೋನಿನಲ್ಲಿ ಗದರಿಕೆ ಶುರುವಾಯಿತು.

“ಏನು? ಚಿತ್ರದಲ್ಲಿ ಅವರ ಮುಖ ಯಾಕೆ ಹಾಗಿದೆ ಅಂತ ಕೇಳ್ಬೇಕಾ? ನಾನಾ?… ಮೆಲ್ಲಗೆ ಮಾತಾಡಿ ಅಮ್ಮ, ಕೇಳಿಸುತ್ತೆ… ಅಮ್ಮಾ, ಮೆಲ್ಲಗೆ… ಕೇಳಿಸಿತು. ಇತ್ಲಾಗೆ ತಿರುಗಿದ್ರು.”

ನಲವತ್ತು ಹಾಸಿಗೆಯ ವಾರ್ಡಿನ ಈ ತುದಿಯಿಂದ ಆ ತುದಿಗೆ ಮುಟ್ಟಿಸುತ್ತಿದ್ದ ದನಿ ಅದು. ಗೇಣುದ್ದದ ಫೋನಿನಲ್ಲಿ ಎಲ್ಲಿ ಅಡಗೀತು? ಯಜಮಾನರು ಒಂದೇ ಏಟಿಗೆ ಕಂಡುಹಿಡಿದರು.

“ಗೊತ್ತಾಯ್ತಮ್ಮ ಅವರಿಗೆ… ಸಾರ್, ತಗೊಳ್ಳಿ, ನೀವೇ ಮಾತಾಡಿ… ಕೈ ಹಿಂದೆ ಕಟ್ಕೊಂಡ್ರಮ್ಮ, ತಗೋತಿಲ್ಲ… ನಿಮಗೂ ಬೇಡ್ವಾ? ಮತ್ತೆ ನಾನೇನು ನಿಮ್ಮಿಬ್ರ ಅಂಚೆಯೋನಾ?… ಸರಿ, ಕೇಳ್ತೀನಿ. ಸಾರ್, ನಿಮ್ಮ ಮುಖ ಯಾಕೆ ಹೀಗಿದೆ ಅಂತಿದಾರೆ. ನಾನು ಹೇಳಿದ್ದಲ್ಲ, ಅವರು ಕೇಳಿದ್ದು…”

“ಟೀ ಅಂತೆ… ಟೀ ಅಮ್ಮ, ಟೀ. ಮಧ್ಯಾಹ್ನ ತಾವೇ ಮಾಡ್ಕೊಂಡು ಕುಡಿದು ಕಲಾವಿದರ ಮನೆಗೆ ಹೋದ್ರಂತೆ… ಅದರಲ್ಲಿ ಉಪ್ಪು ಇತ್ತಂತೆ… ಉಪ್ಪು! ಸಕ್ಕರೆ ಅಂದ್ಕೊಂಡು ಎರಡು ಚಮಚ ಹಾಕ್ಕೊಂಡ್ರಂತೆ. ಮೂರು ದಿನ… ನಾಲ್ಕನೇ ದಿನ ಡಬ್ಬ ಬೇರೆ ಮಾಡಿ ಇಟ್ರಂತೆ, ಆದ್ರೆ ಕಲಾವಿದರು ‘ಈ ಮುಖ ಬೇಡ, ನಿನ್ನೆ ಮುಖಾನೇ ಬೇಕು’ ಅಂತ ಕೂತ್ರಂತೆ. ಮಿಕ್ಕ ನಾಲ್ಕು ದಿನ ಬೇಕಂತಲೇ ಉಪ್ಪು ಹಾಕ್ಕೊಂಡು ಕುಡಿದು ಹೋದ್ರಂತೆ… ಕಾರ್ಡಲ್ಲಿ ಬದುಕಿನ ಕಹಿ ಅಂತ ಬರ್ದಿದಾರೆ. ಉಪ್ಪು ಅಂತ ತಿದ್ದಿಸಬೇಕು ಮೇಡಂ ಹತ್ರ…”

“ನಗ್ತಿದೀರಾ, ಅಳ್ತಿದೀರಾ? ಒಂದು ಹೇಳಿ, ಇಲ್ಲಿ ಇವರು ನನ್ನ ಮುಖಾನೇ ನೋಡ್ತಿದಾರೆ… ಏನು? ‘ಡಬ್ಬದ ಮೇಲೆ ಚೀಟಿ ಇತ್ತಲ್ಲ’ ಅಂತಾನಾ? ಹಾಂ, ಹೌದಲ್ವಾ! ಸಾರ್, ಚೀಟಿ ಇತ್ತಲ್ಲ, ಓದೋಕೆ ಬರಲ್ವಾ ಅಂತಿದಾರೆ…”

ಯಜಮಾನರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಮೂವತ್ತೈದು ವರ್ಷ ಉಗ್ರಾಣದ ಒಂದು ಮೊಳೆ ಆಚೀಚೆಯಾದರೂ ಮೇಲಿನವರಿಗೆ ವಿವರಣೆ ಕೊಟ್ಟ ಮನುಷ್ಯ. ಈ ವಿವರಣೆ ಮಾತ್ರ ಅವರ ಬಾಯಿಗೆ ಸುಲಭವಾಗಿ ಬರಲಿಲ್ಲ. ಬಂದಾಗ ಎರಡೇ ಮಾತಿತ್ತು.

“ಕಿತ್ತು ಹಾಕಿದೆ ಅಂದ್ರು… ಚೀಟೀನಮ್ಮ. ಎಲ್ಲಾನೂ… ಯಾವಾಗ ಸಾರ್?… ನೀವು ಹೋಗಿ ಒಂದು ವಾರಕ್ಕೇ ಕಿತ್ರಂತೆ. ಬಿಸಿನೀರು ಹಾಕಿ ಅಂಟೆಲ್ಲ ಕೆರೆದ್ರಂತೆ, ನೀವು ಬಂದಾಗ ಗುರುತೂ ಇರಬಾರದು ಅಂತ… ಯಾಕೆ ಹೇಳಲಿಲ್ವಾ? ಸಾರ್, ಯಾಕೆ ಹೇಳಲಿಲ್ಲ?… ಮಗಳು ಬಂದಾಗ ನೀವು ಅಡುಗೆಮನೆಗೆ ಹೋಗ್ತಿದ್ರಲ್ಲ, ನೋಡೇ ನೋಡ್ತೀರಿ ಅಂತ ಕಾದ್ರಂತೆ… ನೀವು?… ನೋಡಿದ್ರಾ! ನೋಡಿದ್ರಿ, ಅವರೇ ಬಾಯಿ ಬಿಟ್ಟು ಹೇಳಲಿ ಅಂತ ಕಾದ್ರಿ. ಭೇಷ್. ನಿಮ್ಮಿಬ್ರ ಕಾಲಿಗೂ ಬೀಳಬೇಕು…”

ಲೈಟಿನವನಿಗೆ ನಿಜವಾಗಿಯೂ ಕೋಪ ಬಂದಿತ್ತು. ಒಂದೂವರೆ ವರ್ಷ, ಎರಡು ಬೀದಿ. ನಡುವೆ ಖಾಲಿ ಬಿಟ್ಟ ಆ ಸೋಫಾವನ್ನು ನೋಡಿದರೆ ಅವನಿಗೆ ಮೈಯೆಲ್ಲ ಉರಿಯಿತು.

“ಈಗ ನನ್ನ ಮಾತು ಕೇಳಿ. ನಾಲ್ಕಾಗ್ತಾ ಬಂತು. ಈ ಹೊಳಪು ಇರ್ಲಾ, ತೆಗೀಲಾ? ಇಬ್ರೂ ಸೇರಿ ಒಂದು ಹೇಳಿ… ಸಾರ್, ನೀವು?… ತೆಗಿ ಅಂತಿದಾರಮ್ಮ… ‘ಮಗಳಿಗೆ ನಾನೇ ಹೇಳ್ತೀನಿ. ತಪ್ಪು ನನ್ನದು ಅಂತಾನೇ ಹೇಳ್ತೀನಿ. ಅವಳು ಬರೀ ಹೊಳಪು ನೋಡಿ ಮದುವೆಯಾಗೋದು ಬೇಡ, ಹೀಗೂ ಇರುತ್ತೆ ಅಂತ ಗೊತ್ತಿದ್ದು ಆಗಲಿ’ ಅಂತಿದಾರೆ… ಹೌದಮ್ಮ, ಇವರೇ. ಸ್ಟೋರ್‌ಕೀಪರೇ…”

“ತೆಗೀಲಾ ಅಮ್ಮ? ನಿಮ್ಮದೇನು?… ಹೂಂ ಅಂದ್ರಲ್ಲ? ಸರಿಯಾಗಿ ಹೇಳಿ… ಆಯ್ತು, ತೆಗೀತೀನಿ. ಮಾತಾಡ್ತಿರಿ, ಕೇಳಿಸ್ಕೋತಿದೀನಿ…”

ಹಳಿಯ ದೀಪಗಳ ಕತ್ತು ನೇರ ಮಾಡಿ, ಚೌಕಟ್ಟಿನ ಮೇಲಿನ ಕ್ಲಿಪ್ಪು ಬಿಡಿಸಿ, ವೈರನ್ನು ಕೈಗೆ ಸುತ್ತಿಕೊಳ್ಳುತ್ತ ಅವನು ಮೇಜಿನ ಕಡೆಗೆ ನಡೆದ. ಹೊಳಪು ಹೋದ ಮೇಲೆ ಇಬ್ಬರೂ ಮತ್ತೆ ಸೋಫಾದ ಮೇಲೆ ಕಾಣಿಸಿಕೊಂಡರು, ಒಬ್ಬರು ಬೆಳಗಿನಲ್ಲಿ, ಒಬ್ಬರು ಸಂಜೆಯಲ್ಲಿ.

“ಹೇಳಿ… ‘ಅವರಿಗೆ ಹೇಳು’… ಹೂಂ… ‘ಒಬ್ರೇ ಹೇಳೋದು ಬೇಡ’. ಸಾರ್, ಮಗಳ ಹತ್ರ ನೀವೊಬ್ರೇ ಹೇಳೋದು ಬೇಡ್ವಂತೆ… ಹಾಗಂದ್ರೆ? ನೀವೂ ಜೊತೆಗಿರ್ತೀರಾ? ಈಗ ಇಲ್ಲಿಗೆ ಬರ್ತೀರಾ ಅಮ್ಮ?… ಒಂದೇ ಮಾತಲ್ಲಿ ಹೇಳಿ, ಬರ್ತೀರಾ, ಇಲ್ವಾ?…”

ಕೇಳುತ್ತಲೇ ಮೇಜಿನ ಕೆಳಗೆ ಬಗ್ಗಿ ದೀಪದ ಪ್ಲಗ್ಗನ್ನು ಕಿತ್ತ.

“ಹಲೋ?… ಅಮ್ಮಾ?… ಹಲೋ?…”

ಫೋನು ಸತ್ತಿತ್ತು. ಲೈಟಿನವನು ಕೈ ನೋಡಿಕೊಂಡ. ಕೈಯಲ್ಲಿದ್ದದ್ದು ದೀಪದ ಪ್ಲಗ್ಗಲ್ಲ, ಫೋನಿನದು. ಇಪ್ಪತ್ತು ವರ್ಷದ ಅನುಭವಸ್ಥ.

“ಇಟ್ಟಳೇನಪ್ಪಾ?” ಎಂದರು ಯಜಮಾನರು. “ಬರ್ತೀನಿ ಅನ್ನಲಿಲ್ಲವಾ, ಇಲ್ಲ ಅನ್ನಲಿಲ್ಲವಾ?”

ಲೈಟಿನವನು ಎರಡೂ ಇಲ್ಲವೆಂದು ತಲೆಯಾಡಿಸಿದ. ನಿಜ ಹೇಳಲು ಬಾಯಿ ತೆರೆದ.

“ಹಾಗಾದ್ರೆ ಹೊರಟಳು,” ಎಂದರು ಯಜಮಾನರು. “ಬರಲ್ಲ ಅನ್ನೋ ಹಾಗಿದ್ರೆ ಅರ್ಧ ಗಂಟೆ ಮಾತಾಡಿರ್ತಿದ್ಲು.”

ಅವರು ಷಟರ್ ಕೆಳಗೆ ಬಗ್ಗಿ ಹೊರಗೆ ಹೋಗಿ, ರಸ್ತೆಯ ಕಡೆಗೆ ಮುಖ ಮಾಡಿ ಬಿಸಿಲಿನಲ್ಲೇ ನಿಂತರು. ಲೈಟಿನವನು ತೆರೆದ ಬಾಯಿ ಮುಚ್ಚಿಕೊಂಡು, ಅವರಿಗೆ ಕಾಣದಂತೆ ಫೋನಿನ ಪ್ಲಗ್ಗನ್ನು ಮತ್ತೆ ಚುಚ್ಚಿದ. ಪೀಠದ ಸಣ್ಣ ದೀಪ ಹತ್ತಿತು. ಲೈನು ತಾನಾಗಿ ಕಟ್ಟಾಗಿದ್ದು ಆಕೆಗೂ ಗೊತ್ತಾಗಿರಬೇಕು, ಮನೆಯಲ್ಲೇ ಇದ್ದರೆ ಈ ಕ್ಷಣಕ್ಕೆ ಮತ್ತೆ ಮಾಡುತ್ತಾರೆ ಎಂದುಕೊಂಡು ಅದರ ಮುಂದೆಯೇ ಕೂತ. ಐದು ನಿಮಿಷವಾಯಿತು, ಹತ್ತಾಯಿತು. ಮೂರು ಸಲ ಬಿಟ್ಟು ನಾಲ್ಕನೆಯ ಸಲವೂ ಮಾಡಿದ್ದ ಹೆಂಗಸು ಅವರು. ಫೋನು ಬರಲೇ ಇಲ್ಲ.